ಅಪ್‌ಡೇಟ್: ಈರುಳ್ಳಿ ಬೇರಿನ ಸ್ಲೈಡ್‌ನಲ್ಲಿ ಕೊನೆಗೂ ಮೈಟಾಸಿಸ್ (ಕೋಶ ವಿಭಜನೆ) ಕಂಡಿತು

ಹೋದ ವಾರ ಕೇಳಿದ್ದೆ ಅಲ್ವಾ, ಬಿಎಸ್ಸಿ ಮೊದಲ ವರ್ಷದ ಪ್ರಾಕ್ಟಿಕಲ್‌ಗೆ ಈರುಳ್ಳಿ ಬೇರಿನ ಸ್ಲೈಡ್ ಎಷ್ಟು ಸಲ ಮಾಡಿದರೂ ವಿಭಜನೆ ಆಗುತ್ತಿರುವ ಒಂದು ಕೋಶವೂ ಸಿಗುತ್ತಿಲ್ಲ ಅಂತ. ನಿನ್ನೆ ಸಿಕ್ಕಿತು!

ಬಣ್ಣದಲ್ಲಿ ಜಾಸ್ತಿ ಹೊತ್ತು ಬಿಡಿ ಅಂತ ಕೆಲವರು ಹೇಳಿದ್ದಿರಿ. ಅದರಿಂದ ಉಪಯೋಗ ಆಗಲಿಲ್ಲ, ಅಸಿಟೋಕಾರ್ಮೈನ್‌ನಲ್ಲಿ ಇಡೀ ಬೇರು ಕಡುಗೆಂಪಾಯಿತು ಅಷ್ಟೇ. ಈರುಳ್ಳಿ ಬದಲಿಸಿ ನೋಡಿದೆ, ಅದೂ ಇಲ್ಲ.

ಕೈ ಹಿಡಿದದ್ದು "ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಇಟ್ಟುಕೊಳ್ಳಿ" ಅನ್ನುವ ಸಲಹೆ. ನಾನು ಅರ್ಧ ಸೆಂಟಿಮೀಟರ್ ಬೇರನ್ನು ಹಾಗೇ ಅರೆಯುತ್ತಿದ್ದೆ. ಮೇಲಿನ ಭಾಗದ ಕೋಶಗಳು ವಿಭಜನೆ ನಿಲ್ಲಿಸಿ ಸುಮ್ನೆ ಉದ್ದ ಆಗುತ್ತಿರುತ್ತವೆ, ಅವುಗಳ ರಾಶಿಯಲ್ಲಿ ತುದಿಯ ಕೋಶಗಳು ಮುಚ್ಚಿಹೋಗುತ್ತಿದ್ದವು. ಇನ್ನೊಂದು ತಪ್ಪು, ಹೈಡ್ರೋಕ್ಲೋರಿಕ್ ಆಸಿಡ್ ತಣ್ಣಗೇ ಹಾಕುತ್ತಿದ್ದೆ. ಈ ಸಲ ಲ್ಯಾಬಿನಲ್ಲಿ ಮೇಡಂ ಹತ್ತಿರ ನಿಂತು 60 ಡಿಗ್ರಿ ವಾಟರ್ ಬಾತ್‌ನಲ್ಲಿ ಕೆಲವು ನಿಮಿಷ ಇಟ್ಟೆವು. ಬೇರು ಎಷ್ಟು ಮೆತ್ತಗಾಯಿತು ಅಂದರೆ ಕವರ್‌ಸ್ಲಿಪ್ ಮೇಲೆ ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ಒತ್ತಿದ್ದೇ ತಡ, ಕೋಶಗಳೆಲ್ಲ ಒಂದೇ ಪದರವಾಗಿ ಹರಡಿಕೊಂಡವು. ಒತ್ತುವಾಗ ಪಕ್ಕಕ್ಕೆ ಜಾರಿಸಬೇಡಿ, ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ.

ಆಶ್ಚರ್ಯ ಆಗಿದ್ದು, ಒಳ್ಳೆಯ ಸ್ಲೈಡಿನಲ್ಲೂ ಬಹುಪಾಲು ಕೋಶಗಳು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲೇ ಇರುತ್ತವೆ. ತಾಳ್ಮೆಯಿಂದ ಹುಡುಕಬೇಕು. ನನಗೆ ಸಿಕ್ಕ ಒಂದು ಅನಾಫೇಸ್‌ನಲ್ಲಿ (ವಿಭಜನೆಯ ಒಂದು ಹಂತ) ಎರಡು ಗುಂಪು ಕ್ರೋಮೋಸೋಮ್ ಎಳೆಗಳು ಎರಡು ಕಡೆಗೆ ಸರಿದಿದ್ದವು. ಈರುಳ್ಳಿಯಲ್ಲಿ 16 ಕ್ರೋಮೋಸೋಮ್ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ನೋಡಿದ ಖುಷಿಯೇ ಬೇರೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.