ತಾಲ್ಲೂಕು ಆಸ್ಪತ್ರೆಯಲ್ಲಿ 20 ನಿಮಿಷದ ತರಗತಿ: ಹೆರಿಗೆ ಬೇನೆಗೆ ಸ್ವಯಂ ಹಿಪ್ನೋಸಿಸ್ ಎಷ್ಟು ಕಲಿಸಬಹುದು?

ಲೇಬರ್‌ರೂಮ್ ಸಿಸ್ಟರ್ (ಹಾವೇರಿ ಜಿಲ್ಲೆ)

ತಿಂಗಳ 9ನೇ ತಾರೀಖು ಮಾತೃತ್ವ ಅಭಿಯಾನದ ತಪಾಸಣೆ ಇದ್ದಾಗ, ರಕ್ತದ ರಿಪೋರ್ಟಿಗೆ ಕಾಯುತ್ತಾ ಕೂತ ಗರ್ಭಿಣಿಯರು ವರಾಂಡದ ತುಂಬಾ ಇರುತ್ತಾರೆ. ಏಳು ತಿಂಗಳು ದಾಟಿದವರನ್ನು ಬೇರೆ ಕೂರಿಸಿ 20 ನಿಮಿಷ ಬೇನೆ ತಡೆದುಕೊಳ್ಳುವ ಅಭ್ಯಾಸ ಹೇಳಿಕೊಡಲು ನಮ್ಮ ಡಾಕ್ಟರ್ ಒಪ್ಪಿದ್ದಾರೆ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕಲಿಯುವ ಹಿಪ್ನೋಬರ್ತಿಂಗ್ (ಹಿಪ್ನೋಸಿಸ್ ಬಳಸಿ ಹೆರಿಗೆಗೆ ಸಿದ್ಧವಾಗುವ) ತರಗತಿ ವಾರಗಟ್ಟಲೆ ನಡೆಯುತ್ತದಂತೆ. ನಮಗೆ ಒಬ್ಬ ಗರ್ಭಿಣಿ ಸಿಗೋದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಕುಬುಸ ಮುಗಿದ ಮೇಲೆ ಚೊಚ್ಚಲು ಹೆರಿಗೆಯವರೆಲ್ಲ ತವರಿಗೆ ಹೋಗಿಬಿಡುತ್ತಾರೆ, ಹೆರಿಗೆ ಎಲ್ಲೋ ಆಗುತ್ತದೆ.

ಹೆರಿಗೆ ಕೋಣೆಯಲ್ಲಿ ನಾಲ್ಕು ಟೇಬಲ್, ನಡುವೆ ಪರದೆ ಮಾತ್ರ. ಎಪಿಡ್ಯೂರಲ್ (ಬೇನೆ ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ಇಲ್ಲ. ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡುತ್ತೇವೆ. ಇಂಥ ಕಡೆ ಗುಂಪಿಗೆ ಕಲಿಸಬಹುದಾದ್ದು ಯಾವುದು? ಯಾರಿಗೆ ಮಾಡಿಸಬಾರದು? "ನೋವೇ ಆಗಲ್ಲ" ಅಂತ ಹೇಳಿ ಕಳಿಸಿದರೆ ಆಮೇಲೆ ಬೈಸಿಕೊಳ್ಳುವವರು ನಾವೇ. ಹಾಗಾದರೆ ಯಾವ ಮಾತು ಹೇಳಬೇಕು?

ಆಪ್ತಸಮಾಲೋಚಕಿ_ಧಾರವಾಡ

ಸಿಸ್ಟರ್, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. "ನೋವಾಗಲ್ಲ" ಅನ್ನುವ ಸೂಚನೆ (ಸಡಿಲವಾದ ಮನಸ್ಸಿಗೆ ಹೇಳುವ ಮಾತು) ಹಿಪ್ನೋಸಿಸ್‌ನಲ್ಲೂ ಕೆಟ್ಟ ಸೂಚನೆಯೇ. ಮೊದಲ ಜೋರು ಬೇನೆಗೇ ಅದು ಸುಳ್ಳಾಗುತ್ತದೆ. ಅದರ ಜೊತೆಗೆ ನೀವು ಕಲಿಸಿದ ಉಸಿರಾಟದ ಮೇಲಿನ ನಂಬಿಕೆಯೂ ಹೋಗುತ್ತದೆ. ಸೂಚನೆ ಯಾವಾಗಲೂ ಆಕೆ ಮಾಡಬಹುದಾದ ಕೆಲಸದ ಬಗ್ಗೆ ಇರಬೇಕು: ಬೇನೆ ಏರಿದಾಗ ಉಸಿರು ಉದ್ದ ಬಿಡುವುದು, ಹೆಗಲು ಇಳಿಸುವುದು.

ಹಿಪ್ನೋಸಿಸ್ ಅಂದರೆ ಎಚ್ಚರ ತಪ್ಪುವುದಲ್ಲ, ಇದನ್ನು ಅತ್ತೆ-ಅವ್ವಂದಿರ ಎದುರಿಗೇ ಹೇಳಿಬಿಡಿ. ಕಿವಿ ಕೇಳುತ್ತದೆ, ಮಾತಾಡಬಹುದು, ಬೇಕೆಂದಾಗ ಕಣ್ಣು ಬಿಡಬಹುದು. ಯೋಗನಿದ್ರೆ ಮಾಡಿದವರಿಗೆ ಆ ಸ್ಥಿತಿ ಗೊತ್ತು. ಪೂರ್ತಿ ಕ್ರಮದಲ್ಲಿ ಐದು ಮೆಟ್ಟಿಲು. ಒಂದು ಬಿಂದುವಿನ ಮೇಲೆ (ಹೆಬ್ಬೆರಳಿನ ಉಗುರು ಸಾಕು) ಕಣ್ಣಿಟ್ಟು, ರೆಪ್ಪೆ ಭಾರವಾದಾಗ ಮುಚ್ಚುವುದು. ತಲೆಯಿಂದ ಪಾದದವರೆಗೆ ಸಡಿಲ ಬಿಡುವುದು. ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸುವುದು. ಸೂಚನೆ. ಆಮೇಲೆ ಒಂದರಿಂದ ಐದರವರೆಗೆ ಎಣಿಸಿ ಕಣ್ಣು ಬಿಡುವುದು. ಈ ಐದನೆಯದನ್ನು ಅವಸರದಲ್ಲಿ ಬಿಟ್ಟುಬಿಡುವವರು ಬಹಳ. ಹಾಗೆ ಬಿಟ್ಟರೆ ಮಂಪರಿನಲ್ಲೇ ಎದ್ದು ತಲೆ ಸುತ್ತುತ್ತದೆ, ಅದೂ ಗರ್ಭಿಣಿಗೆ. ಎಣಿಸಿ, ಕೈಕಾಲು ಆಡಿಸಿ, ಒಂದು ನಿಮಿಷ ಕೂತು, ಆಮೇಲೆ ಏಳಲಿ.

20 ನಿಮಿಷದಲ್ಲಿ ಇಷ್ಟನ್ನೂ ಆಳವಾಗಿ ಮಾಡಿಸಲು ಆಗುವುದಿಲ್ಲ. ಕೈ ಮರಗಟ್ಟಿದೆ ಎಂದು ಭಾವಿಸಿ ಆ ಮರಗಟ್ಟುವಿಕೆಯನ್ನು ಹೊಟ್ಟೆಗೆ ದಾಟಿಸುವ ತಂತ್ರವಿದೆಯಲ್ಲ, ಅದನ್ನು ಗುಂಪಿನಲ್ಲಿ ಮುಟ್ಟಲೇಬೇಡಿ. ಅದಕ್ಕೆ ಹಲವು ಬೈಠಕ್ ಬೇಕು, ಎಲ್ಲರಿಗೂ ಒಗ್ಗುವುದೂ ಇಲ್ಲ. ನೀವು ಕೊಡಬೇಕಾದ್ದು ಒಂದೇ ಒಂದು ಗುರುತು: ಜೊತೆಗಿದ್ದವರ ಅಂಗೈ ಹೆಗಲ ಮೇಲೆ ಬಿದ್ದ ಕೂಡಲೇ ಉಸಿರು ಉದ್ದಕ್ಕೆ ಬಿಡುವುದು, ಹೆಗಲು ಇಳಿಯುವುದು. ಸಡಿಲವಾದ ಸ್ಥಿತಿಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಿದರೆ ಬೇನೆಯ ನಡುವೆ ಕೈ ಬಿದ್ದಾಗ ಮೈ ತಾನಾಗಿ ಹಿಂಬಾಲಿಸುತ್ತದೆ. ಮನೆಯಲ್ಲಿ ದಿನಕ್ಕೊಮ್ಮೆ 15 ನಿಮಿಷ, ನಡುನಡುವೆ ಮೂರು ನಾಲ್ಕು ಸಲ ಒಂದೊಂದು ನಿಮಿಷ. ತರಗತಿಗೆ ಬಂದು ಮನೆಯಲ್ಲಿ ಮಾಡದವರಿಗೆ ಹೆರಿಗೆ ದಿನ ಏನೂ ನೆನಪಿಗೆ ಬರುವುದಿಲ್ಲ.

ಮಾತು ಅವರ ಮನೆಯ ಮಾತಿನಲ್ಲೇ ಇರಲಿ, ಪುಸ್ತಕದ ಕನ್ನಡ ಬೇಡ. ನಿಮ್ಮ ಕಡೆಗೆ ಹೀಗೆ:

"ಕಣ್ಣು ಮುಚ್ರಿ. ಹಲ್ಲಿಗೆ ಹಲ್ಲು ಹತ್ತೋದು ಬ್ಯಾಡ, ಬಾಯಿ ತುಸು ಸಡಲ ಬಿಡ್ರಿ. ಮೂಗಿಲೆ ಉಸಿರು ತಗೋರಿ… ಬಾಯಿಲೆ ಸಾವಕಾಶ ಬಿಡ್ರಿ. ಉಸಿರು ಬಿಟ್ಟಂಗ ಹೆಗಲು ಕೆಳಗ ಇಳೀತಾವ, ಕೈ ಭಾರ ಆಗ್ತಾವ. ಬ್ಯಾನಿ ಏರತೈತಿ, ಏರಲಿ. ಏರಿದ್ದು ಇಳೀತೈತಿ. ನಿಮ್ಮ ಕೆಲಸ ಉಸಿರು ಬಿಡೋದು ಒಂದ."

ಯಾರಿಗೆ ಬೇಡ: ಹಿಂದೆ ಮನೋವಿಕಾರಕ್ಕೆ (ಸೈಕೋಸಿಸ್) ಚಿಕಿತ್ಸೆ ಪಡೆದವರಿಗೆ, ಇದ್ದಕ್ಕಿದ್ದಂತೆ ತಾನೆಲ್ಲಿದ್ದೇನೆಂಬ ಅರಿವು ತಪ್ಪುವವರಿಗೆ. ಫಿಟ್ಸ್ ಇರುವವರನ್ನು ಡಾಕ್ಟರ್ ಕೇಳದೆ ಸೇರಿಸಬೇಡಿ. ಇನ್ನೊಂದು ಸೂಕ್ಷ್ಮ. ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳಿಗೆ ಕಣ್ಣು ಮುಚ್ಚುವುದು, ಹೆಗಲ ಮೇಲೆ ಕೈ ಬೀಳುವುದು, ಎರಡೂ ಭಯ ತರಬಹುದು. ಯಾರಿಗೆ ಅಂತ ಗುಂಪಿನಲ್ಲಿ ಕೇಳಲಾಗದು. ಆದ್ದರಿಂದ ಎಲ್ಲರಿಗೂ ಹೇಳಿ: "ಕಣ್ಣು ಮುಚ್ಚಲೇಬೇಕೆಂದಿಲ್ಲ, ನೆಲ ನೋಡಿದರೂ ಆಯಿತು, ಹೆಗಲು ಬೇಡವಾದರೆ ಅಂಗೈ ಹಿಡಿಯಲಿ."

ಪ್ರಸೂತಿ_ವೈದ್ಯ

ಮೇಲಿನ ಉತ್ತರಕ್ಕೆ ನನ್ನ ಸಮ್ಮತಿ ಇದೆ. ನಿರೀಕ್ಷೆ ಎಲ್ಲಿರಬೇಕು ಅನ್ನುವುದನ್ನು ಮಾತ್ರ ಸೇರಿಸುತ್ತೇನೆ.

ಬ್ರಿಟನ್ನಿನಲ್ಲಿ 680 ಚೊಚ್ಚಲು ಗರ್ಭಿಣಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ನಿಮ್ಮ ಪರಿಸ್ಥಿತಿಗೆ ಹತ್ತಿರದ್ದು: ಒಂದೂವರೆ ಗಂಟೆಯ ಎರಡೇ ಗುಂಪು ತರಗತಿ, ಜೊತೆಗೆ ಮನೆಯಲ್ಲಿ ಕೇಳಲು ಆಡಿಯೋ. ಎಪಿಡ್ಯೂರಲ್ ಪಡೆದವರು ಹಿಪ್ನೋಸಿಸ್ ಗುಂಪಿನಲ್ಲಿ 27.9%, ಮಾಮೂಲಿ ಆರೈಕೆಯ ಗುಂಪಿನಲ್ಲಿ 30.3%. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಆದರೆ ಹೆರಿಗೆಯ ಭಯ, ಆತಂಕ ತಾವೇ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಇತ್ತು ಎಂದು ಹಿಪ್ನೋಸಿಸ್ ಗುಂಪಿನವರು ಹೆರಿಗೆಯ ನಂತರ ಹೇಳಿದರು. ಒಂಬತ್ತು ಅಧ್ಯಯನಗಳ 2,954 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ) ಪರಿಶೀಲನೆಯ ಪ್ರಕಾರ ನೋವಿನ ಔಷಧಿಯ ಒಟ್ಟು ಬಳಕೆ ತಗ್ಗಬಹುದು, ಎಪಿಡ್ಯೂರಲ್ ತಗ್ಗುವುದಿಲ್ಲ. ಅಂದರೆ ಇದು ಭಯಕ್ಕೆ ಮದ್ದು, ನೋವಿಗೆ ಅಲ್ಲ. ಭಯ ಇಳಿದರೆ ಅದೇ ನೋವನ್ನು ತಡೆಯುವುದು ಸುಲಭ, ಅಷ್ಟೇ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯೂ ಸ್ನಾಯು ಸಡಿಲಿಕೆ, ಉಸಿರಾಟ, ಸಂಗೀತದಂಥವುಗಳನ್ನು ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಶಿಫಾರಸು ಮಾಡುತ್ತದೆ.

ನಮ್ಮ ಹೆರಿಗೆ ಕೋಣೆಗಳಲ್ಲಿ ಇದರಿಂದ ಬರುವ ಅಪಾಯ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸುಮ್ಮನಿರುವವಳು ನಮ್ಮ ಕಣ್ಣಿಂದ ಜಾರುತ್ತಾಳೆ. ಕೂಗಾಟ ಕೇಳಿಯೇ "ಇವಳದು ಹತ್ತಿರ ಬಂತು" ಎಂದು ಅಂದಾಜು ಮಾಡುವ ರೂಢಿ ನಮ್ಮದು. ಉಸಿರು ಕಲಿತವಳು, ಅದರಲ್ಲೂ ಎರಡನೇ ಹೆರಿಗೆಯವಳು, ಗರ್ಭಕೋಶದ ಬಾಯಿ ಪೂರ್ತಿ ತೆರೆದರೂ ದನಿ ಎತ್ತದೆ ಮಲಗಿರಬಹುದು. ಹಾಗಾಗಿ ಗಡಿಯಾರ ನೋಡಿ ಕೆಲಸ ಮಾಡಿ: ಆ ಬಾಯಿ 5 ಸೆಂ.ಮೀ. ದಾಟಿದ ಮೇಲೆ ಪ್ರತಿ 15–30 ನಿಮಿಷಕ್ಕೆ ಮಗುವಿನ ಎದೆಬಡಿತ, ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ. ಮುಕ್ಕುವ ಹಂತದಲ್ಲಿ ಐದೈದು ನಿಮಿಷಕ್ಕೆ ಎದೆಬಡಿತ. ಮೌನವನ್ನು ಪ್ರಗತಿ ಇಲ್ಲವೆಂದೂ ಓದಬೇಡಿ.

ಉಸಿರಾಟದಿಂದ ಸಮಾಧಾನ ಮಾಡಬಾರದ ನೋವುಗಳನ್ನು ತರಗತಿಯಲ್ಲೇ ಹೇಳಿ. ಬೇನೆಗಳ ನಡುವೆಯೂ ಬಿಡದೆ ಇರುವ ನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಹಿಂದೆ ಸಿಸೇರಿಯನ್ ಆದವರಿಗೆ ಹೊಲಿಗೆಯ ಜಾಗದಲ್ಲಿ ನೋವು, ರಕ್ತ ಹೋಗುವುದು, ಹಸಿರು ನೀರು, ಮಗುವಿನ ಓಡಾಟ ಕಡಿಮೆಯಾಗುವುದು, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, 37 ವಾರಕ್ಕೆ ಮೊದಲೇ ಬೇನೆ. ಇಲ್ಲೆಲ್ಲ ಉಸಿರಾಟ ದಾರಿಯಲ್ಲಿ ಮಾಡಿಕೊಳ್ಳಲಿ, ಮೊದಲು 108. ಬೇನೆ ಬರಿಸುವ ಡ್ರಿಪ್ ಹಾಕಿದವರಲ್ಲಿ ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಬೇನೆ ಬರುತ್ತಿದ್ದರೆ ಆಕೆಗೆ ಪಾಠ ಹೇಳುವ ಹೊತ್ತಲ್ಲ, ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯುವ ಹೊತ್ತು.

ಫಿಸಿಯೋ_ಅಕ್ಕ

ಸಿಸ್ಟರ್, 20 ನಿಮಿಷವನ್ನು ಹೀಗೆ ಹಂಚಿಕೊಳ್ಳಬಹುದು: ಮಾತು 4, ಸಡಿಲಿಕೆ 6, ಉಸಿರು 5, ಜೊತೆಗಾರ್ತಿಗೆ 5. ಮಾತು ಜಾಸ್ತಿ ಆದಷ್ಟೂ ಕಲಿಕೆ ಕಡಿಮೆ.

ಸಡಿಲಿಕೆ: ಬಿಗಿ ಹಿಡಿದು ಬಿಡುವ ಪದ್ಧತಿ ಸಾಕು. ಸುಮ್ಮನೆ "ಸಡಿಲ ಬಿಡಿ" ಅಂದರೆ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಬಿಗಿ ಹಿಡಿದು ಬಿಟ್ಟಾಗ ವ್ಯತ್ಯಾಸ ತಿಳಿಯುತ್ತೆ. 5 ಸೆಕೆಂಡ್ ಬಿಗಿ, 10–15 ಸೆಕೆಂಡ್ ಬಿಡುವು. ಮುಷ್ಟಿ, ಹೆಗಲು, ಮುಖ, ಪಾದ, ಈ ನಾಲ್ಕೇ ಜಾಗ. ಹೊಟ್ಟೆ ಬಿಗಿ ಹಿಡಿಸಬೇಡಿ. ಪಾದದ ಬೆರಳನ್ನು ಮುಂದಕ್ಕೆ ಚಾಚಿಸಬೇಡಿ, ಮೀನಖಂಡ ಹಿಡಿದುಕೊಳ್ಳುತ್ತೆ. ಬೆರಳನ್ನು ಮೊಣಕಾಲಿನ ಕಡೆಗೆ ಎಳೆಯಲಿ. ಬಿಗಿ ಹಿಡಿವಾಗ ಉಸಿರು ಕಟ್ಟಬಾರದು, ಬಿಪಿ ಇರೋರಂತೂ ಕಟ್ಟಲೇಬಾರದು. ಅಂಗಾತ ಮಲಗಿಸಬೇಡಿ, ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತೆ. ಗೋಡೆಗೊರಗಿ ಕೂತರೆ ಆಯ್ತು, ಮನೆಯಲ್ಲಿ ಎಡಮಗ್ಗುಲು, ಮೊಣಕಾಲ ನಡುವೆ ದಿಂಬು.

ಉಸಿರು: ಮೂಗಿನಿಂದ ನಾಲ್ಕು ಎಣಿಕೆ ಒಳಗೆ, ಬಾಯಿಂದ ಆರು ಎಣಿಕೆ ಹೊರಗೆ. ಒಂದು ಉಸಿರಿಗೆ ಹತ್ತು ಸೆಕೆಂಡ್. ಜೋರು ಬೇನೆ ಸುಮಾರು ಒಂದು ನಿಮಿಷ, ಅಂದರೆ ಆರು ಉಸಿರು. ಇದನ್ನು ಬೆರಳಿನಲ್ಲಿ ಎಣಿಸೋದು ಕಲಿಸಿ. ಮೂರನೇ ಬೆರಳಿಗೆ ಬೇನೆ ಹೆಚ್ಚುಕಡಿಮೆ ತುದಿಗೆ ಬಂದಿರುತ್ತೆ, ನಾಲ್ಕರಿಂದ ಇಳಿಕೆ. "ಇನ್ನೂ ಎಷ್ಟು ಹೊತ್ತು" ಅನ್ನೋ ಪ್ರಶ್ನೆಗೆ ಕೈಯಲ್ಲೇ ಉತ್ತರ ಇದ್ದರೆ ಅರ್ಧ ಗಾಬರಿ ಹೋಗುತ್ತೆ.

ಕೆಡೋದು ಎಲ್ಲಿ ಅಂದರೆ, ಗಾಬರಿಯಲ್ಲಿ ಉಸಿರು ಬೇಗ ಬೇಗ ಆಡುತ್ತೆ. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ತಲೆ ಹಗುರ, ಬೆರಳು ಸೆಟೆದುಕೊಳ್ಳೋದು, ಇವು ಅದರ ಗುರುತು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಹೀಗಾಗೋದು. "ಜೋರಾಗಿ ಉಸಿರು ತಗೋ" ಅಂತ ಕೂಗಿದರೆ ಇನ್ನೂ ಹೆಚ್ಚುತ್ತೆ! ಹೇಳಬೇಕಾದ್ದು "ಬಿಡು, ಇನ್ನೂ ಬಿಡು". ಒಳಗೆ ತಗೊಳ್ಳೋದು ತಾನಾಗಿ ಆಗುತ್ತೆ.

ಪರೀಕ್ಷಿಸೋಕೆ ಒಂದು ಉಪಾಯ: ಐಸ್ ತುಂಡು ಅಂಗೈಯಲ್ಲಿ ಒಂದು ನಿಮಿಷ. ಮೊದಲ ಸಲ ಸುಮ್ಮನೆ, ಎರಡನೇ ಸಲ ಇನ್ನೊಂದು ಕೈಯಲ್ಲಿ, ಆರು ಉಸಿರಿನ ಜೊತೆ. ತಣ್ಣಗಿನ ಚಳುಕು ಅಷ್ಟೇ ಇರುತ್ತೆ, ಸಹಿಸೋದು ಬೇರೆ ಆಗುತ್ತೆ. ಡಾಕ್ಟರ್ ಹೇಳಿದ ಭಯ-ನೋವಿನ ವ್ಯತ್ಯಾಸ ಇಷ್ಟರಲ್ಲೇ ಅರ್ಥ ಆಗುತ್ತೆ. ಐಸ್ ಇಲ್ಲದಿದ್ದರೆ ಎರಡೂ ತೋಳು ಪಕ್ಕಕ್ಕೆ ಚಾಚಿ ಒಂದು ನಿಮಿಷ ಹಿಡಿಯಲಿ.

ಜೊತೆಗಾರ್ತಿಗೆ ಮೂರೇ ಕೆಲಸ: ಬೇನೆ ಶುರುವಾದಾಗ ಹೆಗಲ ಮೇಲೆ ಕೈ, ಬೆನ್ನ ಕೆಳಗಿನ ಅಗಲ ಮೂಳೆಯ ಮೇಲೆ ಅಂಗೈ ಬುಡದಿಂದ ಒತ್ತೋದು, ಬೇನೆ ಇಳಿದಾಗ ಗುಟುಕು ನೀರು. "ಇನ್ನೂ ಆಗಿಲ್ಲೇನು", "ನಮ್ಮ ಕಾಲಕ್ಕ ಹಿಂಗಿರ್ಲಿಲ್ಲ" ಇವೆಲ್ಲ ಹೊರಗೆ.

ಲೇಬರ್‌ರೂಮ್ ಸಿಸ್ಟರ್ (ಹಾವೇರಿ ಜಿಲ್ಲೆ)

ಎಲ್ಲರಿಗೂ ಧನ್ಯವಾದ. ಎರಡು ಉಳಿದವು. ತಪಾಸಣೆಗೆ ಅತ್ತೆ ಬರುತ್ತಾರೆ, ಹೆರಿಗೆಗೆ ಅವ್ವ ಇರುತ್ತಾಳೆ. ಕಲಿತವರೇ ಬೇರೆ, ಬೇಕಾದವರೇ ಬೇರೆ. ಮತ್ತೆ ಪಕ್ಕದ ಟೇಬಲ್ಲಿನವರು ಕೂಗುತ್ತಿದ್ದರೆ ಇವರು ಕಲಿತದ್ದು ನಿಲ್ಲುತ್ತದೆಯೇ?

ಆಪ್ತಸಮಾಲೋಚಕಿ_ಧಾರವಾಡ

ಮೊದಲನೆಯದಕ್ಕೆ: ಜೊತೆಗಾರ್ತಿಗೆ ಕಲಿಸುವ ಕೆಲಸವನ್ನು ಗರ್ಭಿಣಿಗೇ ವಹಿಸಿ. ತರಗತಿಯಲ್ಲಿ ಆಕೆಯೇ ಪಕ್ಕದವಳಿಗೆ ಒಂದು ಸಲ ಹೇಳಿಕೊಡಲಿ; ಅಲ್ಲಿ ತೊದಲಿದರೆ ಕಲಿತಿಲ್ಲ ಎಂದರ್ಥ. ಕೈ, ಬೆನ್ನು, ನೀರು, ಆರು ಬೆರಳೆಣಿಕೆ, ಇಷ್ಟನ್ನು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಪಿನ್ ಮಾಡಿ. ಯಾವ ಊರಿಗೆ ಹೋದರೂ ಆ ಕಾರ್ಡು ಜೊತೆಗಿರುತ್ತದೆ. ಮೇಲಿನ ಮಾತನ್ನು ನಿಮ್ಮ ದನಿಯಲ್ಲೇ ಹತ್ತು ಹನ್ನೆರಡು ನಿಮಿಷ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿ, ಮಲಗುವ ಮುಂಚೆ ಅವ್ವನೂ ಕೇಳಲಿ. ಒಲೆಯ ಮುಂದೆ, ಗಾಡಿಯ ಮೇಲೆ ಕೇಳಬಾರದು ಅಂತ ರೆಕಾರ್ಡಿಂಗಿನ ಶುರುವಿಗೇ ಹೇಳಿ.

ಗದ್ದಲಕ್ಕೆ: ಎಲ್ಲ ಅಭ್ಯಾಸವನ್ನೂ ನಿಶ್ಶಬ್ದದಲ್ಲಿ ಮಾಡಿಸಬೇಡಿ. ನಿಮ್ಮ ವರಾಂಡದ ಗಲಾಟೆಯೇ ಒಳ್ಳೆಯದು. ಸೂಚನೆಯಲ್ಲಿ ಒಂದು ಸಾಲು ಸೇರಿಸಿ: "ಯಾವ ದನಿ ಕೇಳಿದ್ರೂ ಅದು ಹೊರಗಿಂದು, ಕೇಳಿದಾಗೊಮ್ಮೆ ನನ್ನ ಉಸಿರು ಉದ್ದ ಆಗತೈತಿ." ಜೊತೆಗಾರ್ತಿ ಕಿವಿಯ ಹತ್ತಿರ ಎಣಿಸಿದರೆ ಇನ್ನೂ ಅನುಕೂಲ.

ಪ್ರಸೂತಿ_ವೈದ್ಯ

ಒಂದು ಬಿಟ್ಟುಹೋಗಿತ್ತು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಆರು ಉಸಿರಿನ ಲೆಕ್ಕ ಮುಗಿಯಿತು, ಆಗ ಆಕೆಗೆ ಒತ್ತು ಬಂದಂತೆ ಮುಕ್ಕಲಿ. ಉಸಿರು ಕಟ್ಟಿಸಿ "ಮುಕ್ಕು, ಮುಕ್ಕು" ಎಂದು ಕೂಗುವುದೂ ಬೇಡ, ಹೊಟ್ಟೆಯ ಮೇಲೆ ಒತ್ತುವುದೂ ಬೇಡ. ತಲೆ ಹೊರಗೆ ಕಾಣುವ ಹೊತ್ತಿಗೆ ಮಾತ್ರ ನಾಲ್ಕೈದು ಸಣ್ಣ ಉಸಿರು "ಹಾ… ಹಾ…" ಎಂದು ಬಿಡಿಸಿ, ತಲೆ ನಿಧಾನಕ್ಕೆ ಬಂದರೆ ಚರ್ಮ ಹರಿಯುವುದು ಕಡಿಮೆ. ಇದನ್ನು ತರಗತಿಯಲ್ಲಿ ಒಂದೇ ನಿಮಿಷ ತೋರಿಸಿ. ಹೆಚ್ಚು ಅಭ್ಯಾಸ ಮಾಡಿಸಿದರೆ ಮೊದಲ ಬೇನೆಯಿಂದಲೇ ಹಾಗೆ ಏದುಸಿರು ಬಿಡಲು ಶುರು ಮಾಡುತ್ತಾರೆ.