ಗುಲಾಬಿ ಎಲೆ ಮೇಲೆ ಬಿಳಿ ಪುಡಿ, ಮೊಗ್ಗು ಅರಳುತ್ತಿಲ್ಲ. ಗಿಡ ಕೀಳಬೇಕಾ?

ಪ್ರಶ್ನೆ ಕೇಳಿದವರು:
ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಸಣ್ಣ ತಾರಸಿ ತೋಟ. ಆರು ಗುಲಾಬಿ, ಎರಡು ದಾಸವಾಳ, ಒಂದಿಷ್ಟು ಜಿನಿಯಾ. ಡಿಸೆಂಬರ್ ಶುರುವಾದಾಗಿನಿಂದ ಗುಲಾಬಿಯ ಚಿಗುರೆಲೆ ಮೇಲೆ ಯಾರೋ ಮೈದಾ ಉದುರಿಸಿದ ಹಾಗೆ ಬಿಳಿ ಪುಡಿ. ಎಲೆ ಸುರುಟಿಕೊಂಡಿದೆ. ಮೊಗ್ಗಿನ ತೊಟ್ಟಿಗೂ ಹತ್ತಿ, ಅರಳದೆ ಹಾಗೇ ಒಣಗುತ್ತಿವೆ. ಈಗ ದಾಸವಾಳಕ್ಕೂ ಬಂದಿದೆ. ನೀರು ಜಾಸ್ತಿಯಾಗಿ ಫಂಗಸ್ ಬಂತೇನೋ ಅಂತ ಎಲೆಗೆ ಹನಿಯೂ ತಾಗದ ಹಾಗೆ ಬುಡಕ್ಕೆ ಮಾತ್ರ ಹಾಕುತ್ತಿದ್ದೇನೆ. ಮಂಜು ಬೀಳದಿರಲಿ ಅಂತ ಕುಂಡಗಳನ್ನೆಲ್ಲ ಟ್ಯಾಂಕಿನ ಗೋಡೆ ಪಕ್ಕ ಒತ್ತೊತ್ತಾಗಿ ಇಟ್ಟೆ. ಮೊನ್ನೆ ಭಾನುವಾರ ಬೇವಿನ ಎಣ್ಣೆಯನ್ನೂ ಹೊಡೆದೆ. ಕಮ್ಮಿಯಾಗುವ ಬದಲು ಇನ್ನೂ ಹೆಚ್ಚಾಗಿದೆ.

ಉತ್ತರ:
ಕೀಳಬೇಡಿ ಮೇಡಂ. ಮೊದಲು ಬೆರಳಿಂದ ಎಲೆ ಒರೆಸಿ ನೋಡಿ. ವಿಭೂತಿ ಥರ ಬೆರಳಿಗೆ ಹತ್ತಿದರೆ ಅದು ಬೂದಿ ರೋಗ. ಬೋರ್‌ವೆಲ್ ನೀರಿನ ಉಪ್ಪಿನ ಕಲೆಯಾದರೆ ಅಷ್ಟು ಸುಲಭವಾಗಿ ಬರುವುದಿಲ್ಲ, ನಿಂಬೆರಸ ಹಚ್ಚಬೇಕು. ದಾಸವಾಳವನ್ನು ಬೇರೆಯಾಗಿ ನೋಡಿ. ಗೊಬ್ಬರ ಏನು ಕೊಡುತ್ತಿದ್ದೀರಿ?

ಪ್ರಶ್ನೆ ಕೇಳಿದವರು:
ಗುಲಾಬಿಯದು ವಿಭೂತಿ ಥರಾನೇ. ದಾಸವಾಳದ್ದು ಹತ್ತಿ ಹಾಗಿದೆ, ಕಡ್ಡಿಯಿಂದ ಒತ್ತಿದರೆ ಅಂಟಂಟು. ಕಾಂಡದ ಮೇಲೆ ಸಾಲಾಗಿ ಇರುವೆ. ಗೊಬ್ಬರ ಅಂದ್ರೆ, ಹೂ ಜಾಸ್ತಿ ಬರಲಿ ಅಂತ ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು.

ಉತ್ತರ:
ದಾಸವಾಳದ್ದು ರೋಗವೇ ಅಲ್ಲ, ಹಿಟ್ಟು ತಿಗಣೆ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆಯಿರಿ, ಆಮೇಲೆ ಬೇವಿನ ಎಣ್ಣೆ, ಸೋಪಿನ ನೀರು. ಇರುವೆಗಳನ್ನೂ ಓಡಿಸಿ, ತಿಗಣೆಯನ್ನು ಕಾಯುವುದು ಅವೇ.

ಗುಲಾಬಿ ವಿಷಯದಲ್ಲಿ ಮಾತ್ರ ನೀವು ಮಾಡಿದ್ದೆಲ್ಲ ಉಲ್ಟಾ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಫಂಗಸ್‌ಗಳ ಹಾಗೆ ಇದಕ್ಕೆ ಎಲೆ ಒದ್ದೆಯಾಗಿರಬೇಕು ಅಂತಿಲ್ಲ. ನೀರಿನಲ್ಲಿ ನೆನೆದರೆ ಇದರ ಬೀಜಕಣ ಸರಿಯಾಗಿ ಮೊಳೆಯುವುದೂ ಇಲ್ಲ. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ, ಗಾಳಿಯಲ್ಲಿ ತೇವ, ಸುತ್ತ ನೆರಳು: ಇಷ್ಟಿದ್ದರೆ ಅದಕ್ಕೆ ಹಬ್ಬ. ಟ್ಯಾಂಕಿನ ಗೋಡೆ ಪಕ್ಕ ಸಿಕ್ಕಿದ್ದು ಅದೇ ಅಲ್ವಾ? ಹಿಂಡಿಯಲ್ಲಿ ಸಾರಜನಕ ಜಾಸ್ತಿ, ಮೆತ್ತನೆ ಚಿಗುರು ಬರುತ್ತದೆ. ಬೂದಿ ಹತ್ತುವುದು ಅಂಥ ಚಿಗುರಿಗೇ.

ಕುಂಡಗಳನ್ನು ಬೆಳಗಿನ ಬಿಸಿಲಿಗೆ ತನ್ನಿ, ನಡುವೆ ಒಂದು ಗೇಣು ಜಾಗ ಇರಲಿ. ಸುರುಟಿದ ತುದಿ ಕತ್ತರಿಸಿ ಕವರಿಗೆ ಹಾಕಿ ಬಿಸಾಡಿ, ಕಾಂಪೋಸ್ಟಿಗೆ ಬೇಡ. ಬೆಳಿಗ್ಗೆ ಏಳರೊಳಗೆ ಎಲೆ ತೊಳೆಯಿರಿ. ಸಂಜೆ ಬೇಡ, ರಾತ್ರಿಯೆಲ್ಲ ಒದ್ದೆ ಉಳಿದರೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಹಿಂಡಿ ಸದ್ಯ ನಿಲ್ಲಿಸಿ.

ಔಷಧಿಗೆ ಗೊಬ್ಬರದ ಅಂಗಡಿಯಲ್ಲಿ ನೀರಿನಲ್ಲಿ ಕರಗುವ ಗಂಧಕ ಕೇಳಿ. ಲೀಟರಿಗೆ 2 ಗ್ರಾಂ, ಎಲೆಯ ಎರಡೂ ಬದಿಗೆ. ಆದರೆ ಇವತ್ತೇ ಹೊಡೆಯಬೇಡಿ. ಎಣ್ಣೆ ಹೊಡೆದು ಎರಡು ವಾರ ಆಗಿರಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. 32 ಡಿಗ್ರಿ ದಾಟುವ ಬಿಸಿಲಲ್ಲೂ ಬೇಡ. ಅಲ್ಲಿಯವರೆಗೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ.

ಇನ್ನೊಬ್ಬರು:
ಅಡುಗೆ ಸೋಡಾ ಹಾಕುವವರು ಲೀಟರಿಗೆ ಒಂದು ಟೀ ಚಮಚ ದಾಟಬೇಡಿ. ನಾನು ಕಣ್ಣಳತೆಯಲ್ಲಿ ಸುರಿದು, ಬೂದಿ ಹೋಗುವ ಮೊದಲೇ ಎಲೆಯ ಅಂಚೆಲ್ಲ ಕಂದಾಗಿ ಹೋಯಿತು.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):
ಹಳೇ ಎಲೆಯ ಕಲೆ ಹಾಗೇ ಇದೆ, ಆದರೆ ಹೊಸ ಚಿಗುರು ಶುದ್ಧವಾಗಿದೆ. ಒಂದು ಗಿಡದಲ್ಲಿ ನಾಲ್ಕು ಮೊಗ್ಗು. ಗಂಧಕ ಒಂದೇ ಸಲ ಹೊಡೆದೆ. ದಾಸವಾಳವೂ ಪರವಾಗಿಲ್ಲ. ಈಗ ಜಿನಿಯಾದ ಬುಡದ ಎಲೆಗಳಲ್ಲಿ ಬಿಳಿ ಚುಕ್ಕಿ ಕಾಣುತ್ತಿದೆ. ಗುಲಾಬಿಯಿಂದ ಅಂಟಿತಾ?

ಉತ್ತರ:
ಇಲ್ಲ, ಜಿನಿಯಾಕ್ಕೆ ಬರುವ ಬೂದಿ ಬೇರೆ ಜಾತಿಯದು. ಹೇಗೂ ಒಂದು ಸೀಸನ್ನಿನ ಗಿಡ. ಒಣಗಿದ ಹೂವಿನಿಂದ ಬೀಜ ತೆಗೆದಿಟ್ಟುಕೊಳ್ಳಿ. ಇದನ್ನು ಬೇಕಾದರೆ ಕಿತ್ತುಹಾಕಿ.