ದೊಡ್ಡಮ್ಮನ ಗಂಟಿನ ಬಗ್ಗೆ, ಚಿಕ್ಕಮ್ಮನಿಗೆ

ಚಿಕ್ಕಮ್ಮ, ಡ್ಯೂಟಿಯಲ್ಲಿದ್ದೆ, ನಿಮ್ಮ ವಾಯ್ಸ್ ಈಗಷ್ಟೇ ಕೇಳಿದೆ. ದೊಡ್ಡಮ್ಮನ ಎದೆಯ ಗಂಟಿಗೆ ಡಾಕ್ಟರು ಬಯಾಪ್ಸಿ (ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು) ಬರೆದಿದ್ದಾರೆ, ಸೂಜಿ ತಾಗಿದರೆ ಹರಡುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು, ಹೇಗೂ ನೋವಿಲ್ಲ, ಜಾತ್ರೆ ಮುಗಿದ ಮೇಲೆ ಹೋಗೋಣವಾ ಅಂತ ಕೇಳಿದ್ದೀರಿ. ಬೇಡ ಚಿಕ್ಕಮ್ಮ, ಕಾಯುವುದು ಬೇಡ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ, ದೊಡ್ಡಮ್ಮನಿಗೂ ಕೇಳಿಸಿ.

ಮೊನ್ನೆ ಬಂಗುಡೆ ಕೊಯ್ಯುವಾಗ ನಿಮ್ಮ ಬೆರಳು ಮೆಟ್ಟುಕತ್ತಿಗೆ ತಾಗಿತ್ತಲ್ಲ? ವಾರದಲ್ಲಿ ಚರ್ಮ ಕೂಡಿಕೊಂಡಿತು. ಅಲ್ಲಿನ ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಗಾಯ ತುಂಬಿಸಿದವು. ತುಂಬಿದ ಕೂಡಲೇ ನಿಂತವು. ನಿಲ್ಲದಿದ್ದರೆ ಬೆರಳಿನ ಮೇಲೆ ಇನ್ನೊಂದು ಬೆರಳಿನಷ್ಟು ಮಾಂಸ ಬೆಳೆಯುತ್ತಿತ್ತು ಅಲ್ವಾ? ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶ ಉಂಟು. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಲೆಕ್ಕ ಪ್ರತಿಯೊಂದರ ಒಳಗೂ ಬರೆದಿದೆ. ವಯಸ್ಸು, ತಂಬಾಕು, ಕೆಲವು ವೈರಸ್, ಅಪರೂಪಕ್ಕೆ ಹುಟ್ಟಿನಿಂದ ಬಂದ ದೋಷ, ಹೀಗೆ ಏನೇನೋ ಸೇರಿ ಒಂದು ಕೋಶದಲ್ಲಿ ಆ ಲೆಕ್ಕ ಹಾಳಾಗುತ್ತದೆ. ಅದು ನಿಲ್ಲುವುದನ್ನು ಮರೆಯುತ್ತದೆ. ಕ್ಯಾನ್ಸರ್ ಅಂದರೆ ಇಷ್ಟೇ. ಮಾವಿನ ಮರಕ್ಕೆ ಬಂದಣಿಕೆ ಹತ್ತಿದ ಹಾಗೆ ಹೊರಗಿನಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ದೊಡ್ಡಮ್ಮನ ತಟ್ಟೆ ಲೋಟ ಬೇರೆ ಇಡಬೇಡಿ, ದಯವಿಟ್ಟು.

ಸುರುವಿಗೆ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನರವನ್ನು ಒತ್ತುವುದಿಲ್ಲ. ಅದಕ್ಕೇ ನೋವಿಲ್ಲ. ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ ಚಿಕ್ಕಮ್ಮ. ಬಿಟ್ಟರೆ ಕೆಲವು ಕೋಶ ಕಳಚಿಕೊಂಡು ಕಂಕುಳಿನ ಗ್ರಂಥಿಗೆ ಹೋಗುತ್ತವೆ, ರಕ್ತದಲ್ಲಿ ಸೇರಿ ಮೂಳೆ, ಶ್ವಾಸಕೋಶ, ಲಿವರ್‌ನಲ್ಲಿ ಕೂರುತ್ತವೆ. ಮೂಳೆಯಲ್ಲಿ ಕೂತರೆ ಮೂಳೆ ದುರ್ಬಲವಾಗುತ್ತದೆ, ಶ್ವಾಸಕೋಶದಲ್ಲಿ ಕೂತರೆ ಏದುಸಿರು. ಊಟ ಮಾಡಿದರೂ ಮೈ ಇಳಿಯುವುದು, ಸುಸ್ತು, ಎಲ್ಲ ಆಮೇಲೆ ಬರುವುದು. ಹರಡುವುದು ಹೀಗೆ, ತನ್ನಷ್ಟಕ್ಕೇ. ಬಯಾಪ್ಸಿ ಸೂಜಿಯಿಂದ ರೋಗ ಹೆಚ್ಚಾಗುತ್ತದೆ ಅನ್ನುವ ಭಯಕ್ಕೆ ಆಧಾರ ಇಲ್ಲ. ಅಕ್ಕಿಕಾಳಿನಷ್ಟು ಚೂರು ತೆಗೆದು ನೋಡದೆ ಅದು ಕ್ಯಾನ್ಸರೋ ಅಲ್ಲವೋ, ಯಾವ ಜಾತಿಯದು, ಯಾವ ಮದ್ದು ಕೇಳುತ್ತದೆ ಅಂತ ಗೊತ್ತಾಗುವುದಿಲ್ಲ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಅಲ್ಲ, ಅದೂ ನೆನಪಿರಲಿ.

ಅಮ್ಮನ ವಿಷಯ ನಿಮಗೆ ಗೊತ್ತೇ ಉಂಟು. 2016ರಲ್ಲಿ ಅವರೂ ನೋವಿಲ್ಲ ಅಂತ ಸುಮ್ನೆ ಇದ್ದರು. ಯಾರೋ ಕೊಟ್ಟ ಲೇಪ ಹಚ್ಚಿ ನಾಲ್ಕು ತಿಂಗಳು ಹೋಯಿತು. ಅಷ್ಟರಲ್ಲಿ ಕಂಕುಳಲ್ಲಿ ಗೇರುಬೀಜದಷ್ಟು ಗಂಟು. ಆಪರೇಷನ್‌ನಲ್ಲಿ ಆ ಗ್ರಂಥಿಗಳನ್ನೂ ತೆಗೆಯಬೇಕಾಯಿತು. ಆ ಕೈಯ ನೀರು ಸರಿಯಾಗಿ ಇಳಿಯದೆ ಈಗಲೂ ಬಾತುಕೊಳ್ಳುತ್ತದೆ. ಬಲಗೈಯಲ್ಲಿ ಹಸಿರು ಬಳೆ, ಎಡಗೈ ಖಾಲಿ. ದೊಡ್ಡ ಸೈಜಿನದು ತಂದುಕೊಟ್ಟೆ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಬಿಗಿಯಾಯಿತು, ಸೋಪು ಹಚ್ಚಿ ತೆಗೆದೆ. ಅಮ್ಮ ನಮ್ಮ ಜೊತೆ ಇದ್ದಾರೆ, ಅದೇ ದೊಡ್ಡದು. ಆದರೆ ಆ ನಾಲ್ಕು ತಿಂಗಳು ನನ್ನನ್ನು ಇನ್ನೂ ಕಾಡುತ್ತದೆ.

ಕೀಮೊ, ಅಂದರೆ ಕ್ಯಾನ್ಸರ್ ಕೋಶ ಕೊಲ್ಲಲು ಕೊಡುವ ಮದ್ದು, ಅದರ ಬಗ್ಗೆ ಈಗಲೇ ಹೆದರುವುದು ಬೇಡ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಗ ಬೇಗ ಬೆಳೆಯುವ ಕೋಶವನ್ನು ಆ ಮದ್ದು ಹೊಡೆಯುತ್ತದೆ, ಕೂದಲಿನ ಬುಡವೂ ಬೇಗ ಬೆಳೆಯುವುದೇ, ಅದಕ್ಕೆ ಉದುರುತ್ತದೆ. ಮದ್ದು ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅಮ್ಮನಿಗೆ ಬಂತಲ್ಲ.

ಗುರುವಾರ ನನಗೆ ರಜೆ. ಬೆಳಿಗ್ಗೆ 7 ಗಂಟೆಗೆ ಮಂಗಳೂರಿನಿಂದ ಕಾರು ತಗೊಂಡು ಕಾಪುವಿಗೆ ಬರುತ್ತೇನೆ, ದೊಡ್ಡಮ್ಮನನ್ನು ಬಯಾಪ್ಸಿಗೆ ಕರೆದುಕೊಂಡು ಹೋಗೋಣ. ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ರೇಷನ್ ಕಾರ್ಡ್ ಒಂದು ಚೀಲದಲ್ಲಿ ಹಾಕಿಡಿ. ದೊಡ್ಡಮ್ಮ ರಕ್ತ ತೆಳುವಾಗುವ ಮಾತ್ರೆ ತಗೊಳ್ತಾ ಇದ್ದರೆ ಅದರ ಫೋಟೋ ಇವತ್ತೇ ನನಗೆ ಕಳಿಸಿ, ಡಾಕ್ಟರಿಗೆ ಮೊದಲೇ ಹೇಳಬೇಕು. ಮುಂದೆ ಬಟನ್ ಇರುವ ರವಿಕೆ ಹಾಕಿಕೊಳ್ಳಲಿ. ಅಮ್ಮನೂ ಬರುತ್ತೇನೆ ಅಂದಿದ್ದಾರೆ, ದೊಡ್ಡಮ್ಮನ ಪಕ್ಕ ಅವರೇ ಕೂರುತ್ತಾರಂತೆ.